ಮಕ್ಕಳ ರಾಕೆಟ್ಟೂ ಜಿಲ್ಲಾಧಿಕಾರಿಯ ಕಡತವೂ

ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯ ಪೂರ್ವದ ಅಂಚಿನಲ್ಲಿ, ಸಿಯೆರಾ ನೆವಾಡಾ ಪರ್ವತಶ್ರೇಣಿಯ ತಪ್ಪಲು ಆರಂಭವಾಗುವಲ್ಲಿ, ದನ ಮೇಯಿಸುವ ವಿಶಾಲವಾದ ಹುಲ್ಲುಗಾವಲುಗಳಿವೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮಾರ್ಚ್ ತಿಂಗಳಲ್ಲಿ ನಮ್ಮ ಮಲೆನಾಡಿನಂತೆ ಹಸಿರಾಗಿರುವ ಆ ನೆಲ ಜೂನ್ ವೇಳೆಗೆ ಒಣಗಿ, ಒಂದು ಕಿಡಿ ಬಿದ್ದರೂ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ಆ ಭಾಗದಲ್ಲಿ ಮಾದರಿ ರಾಕೆಟ್ ಹಾರಿಸುವ ಹವ್ಯಾಸಿಗಳಿಗೆ ಚಳಿಗಾಲ ಮತ್ತು ವಸಂತವೇ ಸುಗ್ಗಿಯ ಕಾಲ. 2025ರ ಮಾರ್ಚ್ ತಿಂಗಳ ಒಂದು ಶನಿವಾರ, ಹತ್ತು ವರ್ಷದ ಮೊಮ್ಮಗನ ಒತ್ತಾಯಕ್ಕೆ ಮಣಿದು, ಮಗಳ ಮನೆಯಿಂದ ಎರಡು ಗಂಟೆ ಕಾರಿನಲ್ಲಿ ಪ್ರಯಾಣ ಮಾಡಿ ಅಂಥ ಒಂದು ಹುಲ್ಲುಗಾವಲಿಗೆ ನಾನೂ ಹೋಗಿದ್ದೆ. ಅವನ ತೊಡೆಯ ಮೇಲೆ ತಾನೇ ಕಟ್ಟಿದ ರಾಕೆಟ್ ಇತ್ತು. ಕಾಗದದ ಕೊಳವೆ, ಬಾಲ್ಸಾ ಮರದ ಮೂರು ರೆಕ್ಕೆ, ಪ್ಲಾಸ್ಟಿಕ್ಕಿನ ಮೂತಿ. ಕೊಳವೆಯ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದ 'ಗರುಡ' ಎಂಬ ಹೆಸರು. ರು ಎಂಬ ಅಕ್ಷರ ತುಸು ವಾಲಿತ್ತು, ಅಷ್ಟೆ.

ನಾವು ತಲಪುವ ವೇಳೆಗೆ ಕ್ಲಬ್ಬಿನ ಸದಸ್ಯರು ಉಡಾವಣೆಯ ಸರಳುಗಳನ್ನು ಸಾಲಾಗಿ ನೆಟ್ಟು, ತಂತಿ ಎಳೆದು, ಧ್ವನಿವರ್ಧಕ ಕಟ್ಟುತ್ತಿದ್ದರು. ನೀರಿನ ಕ್ಯಾನುಗಳನ್ನೂ ಬೆಂಕಿ ನಂದಿಸುವ ಸಿಲಿಂಡರುಗಳನ್ನೂ ಎಲ್ಲರಿಗೂ ಕಾಣುವಂತೆ ಇಡಲಾಗಿತ್ತು. ಸಂಬಳ ಪಡೆಯುವ ಒಬ್ಬ ನೌಕರನೂ ಅಲ್ಲಿರಲಿಲ್ಲ, ಪೊಲೀಸರೂ ಇರಲಿಲ್ಲ. ಮೂವತ್ತೈದು ವರ್ಷ ಆಡಳಿತದಲ್ಲಿ ಕಳೆದವನ ಕಣ್ಣು ಇಂಥದನ್ನೇ ಮೊದಲು ಹುಡುಕುತ್ತದೆ. ಇಷ್ಟು ಜನ, ಇಷ್ಟು ಮಕ್ಕಳು, ಇಷ್ಟು ಮದ್ದು ಸೇರಿರುವ ಜಾಗದ ಹೊಣೆ ಯಾರದು ಎಂದು ಮಗಳನ್ನು ಕೇಳಿದೆ. ಆಕೆ ಒಂದು ಮೇಜಿನ ಕಡೆಗೆ ಕೈ ತೋರಿಸಿದಳು.

ಮೇಜಿನ ಹಿಂದೆ ನನ್ನ ವಯಸ್ಸಿನವರೇ ಆದ ಒಬ್ಬರು ಕುಳಿತಿದ್ದರು. ಅವರು ಆ ದಿನದ ಸುರಕ್ಷಾ ಅಧಿಕಾರಿ. ಅವರ ಕೈಗೆ ಹೋಗಿ ಬಾರದೆ ಯಾವ ರಾಕೆಟ್ಟೂ ಸರಳನ್ನೇರುವಂತಿಲ್ಲ. ಮೊಮ್ಮಗನ ಗರುಡನನ್ನು ಕೈಗೆ ತೆಗೆದುಕೊಂಡು ಮೂತಿಯನ್ನು ಎಳೆದು ನೋಡಿದರು. ಅದು ಬಿಗಿಯಾಗಿದ್ದರೆ ಪ್ಯಾರಾಚೂಟ್ ಹೊರಬರುವುದಿಲ್ಲ. ಸಡಿಲವಾಗಿದ್ದರೆ ಹಾರುವಾಗಲೇ ಕಳಚುತ್ತದೆ. ಪ್ಯಾರಾಚೂಟನ್ನು ಹೇಗೆ ಮಡಿಸಿದ್ದೀಯೆ, ಅದು ಸುಡದಂತೆ ಬೆಂಕಿ ಹತ್ತದ ಕಾಗದವನ್ನು ಕೆಳಗೆ ತುರುಕಿದ್ದೀಯೋ ಎಂದು ಕೇಳಿದರು. ಬಳಿಕ ಮೂರು ರೆಕ್ಕೆಗಳನ್ನೂ ಒಂದೊಂದಾಗಿ ಬೆರಳಿನಿಂದ ಅಲುಗಿಸಿದರು. ಮೂರನೆಯದು ಅಲುಗಿತು.

"ಇದನ್ನು ಹಾರಿಸಲು ಬಿಡಲಾರೆ" ಎಂದರು. ಹುಡುಗನ ಕಣ್ಣು ತುಂಬಿತು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ರೆಕ್ಕೆ ಕಳಚಿದರೆ ರಾಕೆಟ್ಟಿನ ಸಮತೋಲ ತಪ್ಪಿ ಅದು ಎತ್ತ ಬೇಕಾದರೂ ತಿರುಗಬಹುದು, ಜನ ನಿಂತಿರುವ ಕಡೆಗೂ ಬರಬಹುದು ಎಂದು ಕೈಯಾಡಿಸಿ ತೋರಿಸಿದರು. ಮೇಜಿನ ಕೆಳಗಿನ ಡಬ್ಬದಿಂದ ಅಂಟಿನ ಶೀಸೆ ತೆಗೆದುಕೊಟ್ಟು, ರೆಕ್ಕೆಯ ಬುಡದ ಎರಡೂ ಬದಿಗೆ ತೆಳುವಾಗಿ ಹಚ್ಚಿ ನೆರಳಿನಲ್ಲಿಟ್ಟು ಊಟ ಮುಗಿಸಿಕೊಂಡು ಬಾ ಎಂದರು. ಮಧ್ಯಾಹ್ನ ಅದೇ ರೆಕ್ಕೆಯನ್ನು ಮತ್ತೆ ಅಲುಗಿಸಿ ನೋಡಿ, ತಲೆಯಾಡಿಸಿ, ಚೀಟಿಗೆ ಸಹಿ ಹಾಕಿದರು.

ಆ ಊಟದ ಹೊತ್ತಿನಲ್ಲಿ, ಹುಡುಗನು ಅಂಟು ಒಣಗುವುದನ್ನು ಕಾಯುತ್ತಿದ್ದಾಗ, ನನಗೆ ನೆನಪಾದುದು 1996ರ ಒಂದು ಕಡತ.

ಆಗ ನಾನು ಒಂದು ಜಿಲ್ಲೆಯ ಜಿಲ್ಲಾಧಿಕಾರಿಯಾಗಿದ್ದೆ. ತಾಲ್ಲೂಕು ಕೇಂದ್ರವೂ ಅಲ್ಲದ ಒಂದು ಊರಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರೊಬ್ಬರು, ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಮಕ್ಕಳು ತಯಾರಿಸಿದ ಮೂರು ರಾಕೆಟ್ಟುಗಳನ್ನು ಊರ ಹೊರಗಿನ ಬಯಲಿನಲ್ಲಿ ಹಾರಿಸಲು ಅನುಮತಿ ಕೋರಿ ಜನವರಿಯಲ್ಲೇ ಅರ್ಜಿ ಸಲ್ಲಿಸಿದ್ದರು. ಯಾರನ್ನೂ ಕೇಳದೆ ಹಾರಿಸಿಬಿಡಬಹುದಿತ್ತು. ಕೇಳಿದ್ದೇ ಅವರ ತಪ್ಪಾಯಿತೇನೋ. ಅರ್ಜಿ ತಹಶೀಲ್ದಾರರಿಗೆ ಹೋಯಿತು, ಪೊಲೀಸರಿಗೆ ಹೋಯಿತು, ಅಗ್ನಿಶಾಮಕ ಇಲಾಖೆಗೂ ಶಿಕ್ಷಣ ಇಲಾಖೆಗೂ ಹೋಯಿತು. ಪ್ರತಿಯೊಬ್ಬರೂ ಮತ್ತೊಬ್ಬರ ಅಭಿಪ್ರಾಯ ಪಡೆಯುವುದು ಸೂಕ್ತವೆಂದು ಷರಾ ಬರೆದರು. ನಡುವೆ ಒಂದು ದಿನ ಮೇಷ್ಟ್ರೇ ಕಚೇರಿಗೆ ಬಂದರು. ಬಟ್ಟೆಯ ಚೀಲದಿಂದ ಒಂದು ರಾಕೆಟ್ ತೆಗೆದು ಮೇಜಿನ ಮೇಲಿಟ್ಟರು. ಹಳೆಯ ವೃತ್ತಪತ್ರಿಕೆಯನ್ನು ಮೈದಾ ಅಂಟಿನಿಂದ ಸುತ್ತಿ ಮಾಡಿದ ಕೊಳವೆ, ರಟ್ಟಿನ ರೆಕ್ಕೆಗಳು. "ಮಕ್ಕಳೇ ಮಾಡಿದ್ದು ಸರ್. ಒಮ್ಮೆ ಎತ್ತಿ ನೋಡಿ, ಎಷ್ಟು ಹಗುರ ಇದೆ" ಎಂದರು. ನಾನು ಎತ್ತಿ ನೋಡಲಿಲ್ಲ. ಪರಿಶೀಲಿಸೋಣ ಎಂದು ಹೇಳಿ ಕಳುಹಿಸಿದೆ.

ಕಡತ ಅಂತಿಮವಾಗಿ ನನ್ನ ಮುಂದೆ ಬಂದಾಗ ವಿಜ್ಞಾನ ದಿನ ಕಳೆದು ಎರಡು ವಾರವಾಗಿತ್ತು. 1983ರ ಸ್ಫೋಟಕ ನಿಯಮಾವಳಿಯನ್ನು ತಿರುವಿ ಹಾಕಿದೆ. ಪಟಾಕಿಯ ಮಾತಿತ್ತು, ಗಣಿಗಾರಿಕೆಯ ಸ್ಫೋಟಕದ ಮಾತಿತ್ತು. ಶಾಲಾ ಮಕ್ಕಳ ರಾಕೆಟ್ಟಿನ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. 'ಪರಿಗಣಿಸಲು ಅವಕಾಶವಿರುವುದಿಲ್ಲ' ಎಂದು ಬರೆದು ಸಹಿ ಮಾಡಿದೆ. ಆ ದಿನ ನಾನು ಸಹಿ ಮಾಡಿದ ಹತ್ತಾರು ಕಡತಗಳಲ್ಲಿ ಅದೂ ಒಂದು.

ನನ್ನ ಪರವಾಗಿಯೂ ಒಂದು ಮಾತು ಹೇಳಬೇಕು. ಮೇಷ್ಟ್ರ ಅರ್ಜಿಯಲ್ಲಿ ಇಂಧನದ ವಿವರವಿತ್ತು. ಪೆಟ್ಲುಪ್ಪು ಮತ್ತು ಸಕ್ಕರೆಯ ಮಿಶ್ರಣವನ್ನು ಶಾಲೆಯಲ್ಲಿಯೇ, ತಮ್ಮ ಮೇಲ್ವಿಚಾರಣೆಯಲ್ಲಿ, ಮಕ್ಕಳಿಂದ ತಯಾರಿಸುವುದಾಗಿ ಬರೆದಿದ್ದರು. ಅದು ನಿಜಕ್ಕೂ ಅಪಾಯದ ಕೆಲಸ. ಯಾವ ಜಿಲ್ಲಾಧಿಕಾರಿಯೂ ಅದಕ್ಕೆ ಒಪ್ಪಬಾರದು. ಇಂದು ಆ ಕಡತ ಬಂದರೂ ಅಷ್ಟು ಭಾಗಕ್ಕೆ ನಾನು ಒಪ್ಪುವುದಿಲ್ಲ. ಆದರೆ ಅಪಾಯವಿದ್ದುದು ಇಂಧನದಲ್ಲಿ, ರಾಕೆಟ್ಟಿನಲ್ಲಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬಹುದೆಂಬುದು ನನಗೆ ಹೊಳೆಯಲಿಲ್ಲ. ಅಮೆರಿಕದವರಿಗೂ ಅದು ತಾನಾಗಿ ಹೊಳೆದದ್ದಲ್ಲ.

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಮೇಲೇರಿದಾಗ ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಅಂಥ ರಾಕೆಟ್ಟುಗಳನ್ನು ಹಾರಿಸಿದ ಹುಡುಗ ಹೋಮರ್ ಹಿಕ್ಯಾಮ್ ಮುಂದೆ ನಾಸಾದಲ್ಲಿ ಎಂಜಿನಿಯರ್ ಆದರು. ಅವರ ಆತ್ಮಕಥನ 1999ರಲ್ಲಿ 'ಅಕ್ಟೋಬರ್ ಸ್ಕೈ' ಎಂಬ ಚಲನಚಿತ್ರವಾಗಿ ನಮ್ಮಲ್ಲೂ ಅನೇಕರು ನೋಡಿದ್ದಾರೆ. ಆದರೆ ಎಲ್ಲರೂ ಹಿಕ್ಯಾಮ್ ಆಗಲಿಲ್ಲ. ಬೆಂಕಿಕಡ್ಡಿಯ ಮದ್ದು ಕೆರೆದು ತುಂಬಿ, ಸತುವಿನ ಪುಡಿಗೆ ಗಂಧಕ ಬೆರೆಸಿ, ಕಬ್ಬಿಣದ ಕೊಳವೆಗೆ ಜಡಿದು ಬೆರಳನ್ನೋ ಕಣ್ಣನ್ನೋ ಜೀವವನ್ನೋ ಕಳೆದುಕೊಂಡ ಹುಡುಗರೂ ಇದ್ದರು. ನಿಷೇಧಿಸಿಬಿಡಿ ಎಂಬ ಕೂಗು ಎದ್ದದ್ದು ಸಹಜವೇ.

ದಾರಿ ತೋರಿಸಿದ್ದು ಒಬ್ಬ ಪಾದರಕ್ಷೆ ವ್ಯಾಪಾರಿ. ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ, ಬೂಟಿನ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿ ತಯಾರಿಕೆಯ ತಿಳಿವಳಿಕೆಯಿತ್ತು. ಆತನ ಸೋದರ ಮಾದರಿ ವಿಮಾನಗಳ ಹವ್ಯಾಸಿ. 1954ರಲ್ಲಿ ಆತ ಕಾಗದದ ಕೊಳವೆಯ ಪುಟ್ಟ ರಾಕೆಟ್ಟನ್ನೂ, ಒಮ್ಮೆ ಉರಿಸಿ ಎಸೆಯಬಹುದಾದ ಪುಟ್ಟ ಮೋಟಾರನ್ನೂ ರೂಪಿಸಿದ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್, ಮಕ್ಕಳು ಮನೆಯಲ್ಲಿ ರಾಕೆಟ್ ತಯಾರಿಸುವ ಅಪಾಯದ ಬಗ್ಗೆ 1957ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದಾಗ, ಅದನ್ನೋದಿದ ಕಾರ್ಲೈಲ್ ತನ್ನ ರಾಕೆಟ್ಟುಗಳನ್ನೇ ಅವರಿಗೆ ಕಳುಹಿಸಿಕೊಟ್ಟ. ಅದೇ ವರ್ಷ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಮರುವರ್ಷ ಕೊಲರಾಡೊದ ಪಟಾಕಿ ತಯಾರಕರ ಮನೆತನದ ವರ್ನ್ ಎಸ್ಟೆಸ್ ಕೆಲವೇ ಸೆಕೆಂಡುಗಳಿಗೊಂದರಂತೆ ಮೋಟಾರು ತಯಾರಿಸುವ ಯಂತ್ರ ಕಟ್ಟಿದರು. ಇವರೆಲ್ಲ ಒಪ್ಪಿಕೊಂಡ ಮೂಲಸೂತ್ರ ಒಂದೇ: ರಾಕೆಟ್ಟನ್ನು ನೀನೇ ಕಟ್ಟು, ಮೋಟಾರನ್ನು ಮಾತ್ರ ಎಂದೂ ಕಟ್ಟಬೇಡ.

ಆ ಮೋಟಾರು ಕಾಗದದ ದಪ್ಪ ಕೊಳವೆ, ಒಳಗೆ ಒತ್ತಿ ತುಂಬಿದ ಕರಿಮದ್ದು, ಹಿಂಬದಿಯಲ್ಲಿ ಜೇಡಿಮಣ್ಣಿನ ರಂಧ್ರ. ಬೆಂಕಿ ಹಚ್ಚುವುದು ಕಡ್ಡಿಯಿಂದಲ್ಲ, ದೂರದಿಂದ ಹರಿಸುವ ವಿದ್ಯುತ್ತಿನಿಂದ. ಮದ್ದು ಉರಿದು ಮುಗಿದ ಮೇಲೆ ಹೊಗೆ ಬಿಡುತ್ತಾ ನಿಧಾನವಾಗಿ ಉರಿಯುವ ಪದರವೊಂದಿದೆ. ಅದು ಮುಗಿದಾಗ ಪುಟ್ಟ ಸಿಡಿತವೊಂದು ಮೂತಿಯನ್ನು ತಳ್ಳಿ ಪ್ಯಾರಾಚೂಟನ್ನು ಹೊರಹಾಕುತ್ತದೆ. ಮೋಟಾರಿನ ಮೇಲೆಯೇ ಅದರ ಜಾತಕ ಬರೆದಿರುತ್ತದೆ. ಗರುಡನ ಮೋಟಾರಿನ ಮೇಲೆ ಬಿ6-4 ಎಂದಿತ್ತು. ಬಿ ಎಂಬುದು ಒಟ್ಟು ನೂಕುಬಲದ ವರ್ಗ. ಪ್ರತಿ ಅಕ್ಷರಕ್ಕೆ ಅದರ ಮಿತಿ ಇಮ್ಮಡಿಯಾಗುತ್ತಾ ಹೋಗುತ್ತದೆ. 6 ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ನೂಕು. 4 ಎಂದರೆ ಮದ್ದು ಮುಗಿದ ಮೇಲೆ ಪ್ಯಾರಾಚೂಟಿಗೆ ನಾಲ್ಕು ಸೆಕೆಂಡು ಕಾಯಬೇಕು. ಇವನ್ನೆಲ್ಲ ನನಗೆ ವಿವರಿಸಿದವನು ಮೊಮ್ಮಗ. ರಾಕೆಟ್ಟಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿ, ಅದು ಮೂತಿ ಮುಂದಾಗಿಯೇ ತಿರುಗುತ್ತದೆಯೋ ಇಲ್ಲವೋ ಎಂದು ಸ್ಥಿರತೆಯನ್ನು ಪರೀಕ್ಷಿಸುವುದನ್ನೂ ತೋರಿಸಿದ. ಗುರುತ್ವ ಕೇಂದ್ರ, ಒತ್ತಡ ಕೇಂದ್ರ ಎಂದರೇನೆಂಬುದನ್ನು ನಾನು ಕಾಲೇಜಿನಲ್ಲೂ ಅಷ್ಟು ಸ್ಪಷ್ಟವಾಗಿ ಕಲಿತಿರಲಿಲ್ಲ.

ಸರ್ಕಾರ ಇಲ್ಲಿ ಎಲ್ಲಿದೆ ಎಂಬುದು ನನ್ನ ವೃತ್ತಿಯವರು ಕೇಳುವ ಪ್ರಶ್ನೆ. ಇದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿದೆ. ಕಾಗದ, ಮರ, ಮುರಿಯುವ ಪ್ಲಾಸ್ಟಿಕ್ಕಿನಿಂದ ಮಾಡಿದ, ಇಂಧನ 125 ಗ್ರಾಂ ಮತ್ತು ಒಟ್ಟು ತೂಕ 1,500 ಗ್ರಾಂ ಮೀರದ ರಾಕೆಟ್ಟಿಗೆ ಅಲ್ಲಿನ ವಿಮಾನಯಾನ ಆಡಳಿತದ ಪೂರ್ವಾನುಮತಿ ಬೇಕಿಲ್ಲ. ವಿಮಾನಗಳಿಗೆ ಅಪಾಯವಾಗಬಾರದು, ಅಷ್ಟೆ. ಅದಕ್ಕಿಂತ ದೊಡ್ಡವಕ್ಕೆ ಅನುಮತಿ ಬೇಕು. ದೊಡ್ಡ ಮೋಟಾರು ಬಳಸುವವರು ವಯಸ್ಕರಾಗಿರಬೇಕು. ರಾಕೆಟ್ ಕಟ್ಟಿ, ಹಾರಿಸಿ, ಹಾಳಾಗದಂತೆ ಮರಳಿ ಪಡೆದು ತೋರಿಸಿ ಸಂಘದಿಂದ ಪ್ರಮಾಣಪತ್ರ ಪಡೆಯಬೇಕು. ಉಳಿದುದನ್ನು ಹವ್ಯಾಸಿಗಳು ತಾವೇ ಬರೆದುಕೊಂಡ ಸುರಕ್ಷಾ ಸಂಹಿತೆ ನೋಡಿಕೊಳ್ಳುತ್ತದೆ. ಚಿಕ್ಕ ಮೋಟಾರಾದರೆ ಕನಿಷ್ಠ 15 ಅಡಿ, ದೊಡ್ಡದಾದರೆ 30 ಅಡಿ ದೂರ ನಿಲ್ಲಬೇಕು. ಗುಂಡಿ ಒತ್ತಿದರೂ ಹೊತ್ತದಿದ್ದರೆ ಬೀಗದ ಕೈ ತೆಗೆದು ಒಂದು ನಿಮಿಷ ಯಾರೂ ಹತ್ತಿರ ಹೋಗಬಾರದು. ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ಟನ್ನು ಬಿಡಿಸಲು ಹೋಗಬಾರದು. ಸದಸ್ಯತ್ವದ ಜೊತೆಗೆ ವಿಮೆಯೂ ಬರುತ್ತದೆ.

ಈ ವಿಮೆಯ ಅಂಶವನ್ನು ಅರ್ಥಶಾಸ್ತ್ರ ಓದಿದವನಾಗಿ ನಾನು ಸುಲಭವಾಗಿ ಬಿಡಲಾರೆ. ನಮ್ಮಲ್ಲಿ ಅನುಮತಿ ಕೊಟ್ಟ ಅಧಿಕಾರಿಗೆ ಅದರಿಂದ ಆಗುವ ಲಾಭ ಶೂನ್ಯ. ಅವಘಡವಾದರೆ ವಿಚಾರಣೆ, ಅಮಾನತು, ವೃತ್ತಪತ್ರಿಕೆಯಲ್ಲಿ ಹೆಸರು. ಅನುಮತಿ ನಿರಾಕರಿಸಿದರೆ ಮೂರು ರಾಕೆಟ್ ಹಾರಲಿಲ್ಲವೆಂದು ಯಾವ ಸದನದಲ್ಲೂ ಪ್ರಶ್ನೆ ಏಳುವುದಿಲ್ಲ. ಇಂಥ ಲೆಕ್ಕದಲ್ಲಿ ಸಾಮಾನ್ಯ ಬುದ್ಧಿಯವನು ಯಾವುದನ್ನು ಆರಿಸಿಕೊಳ್ಳುತ್ತಾನೆಂಬುದಕ್ಕೆ ನಾನೇ ಸಾಕ್ಷಿ. ಅಪಾಯದ ಭಾರವನ್ನು ವಿಮೆಯೂ ಸಂಘವೂ ಹೊತ್ತಾಗ ಆ ಲೆಕ್ಕ ಬದಲಾಗುತ್ತದೆ.

ಅಲ್ಲಿನ ಅಧಿಕಾರಶಾಹಿ ನಮ್ಮದಕ್ಕಿಂತ ಉದಾರಿ ಎಂದೇನೂ ನಾನು ಹೇಳುತ್ತಿಲ್ಲ. ದೊಡ್ಡ ರಾಕೆಟ್ಟುಗಳಲ್ಲಿ ಬಳಸುವ ಅಮೋನಿಯಂ ಪರ್‌ಕ್ಲೋರೇಟ್ ಇಂಧನವನ್ನು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯೊಂದು ಸ್ಫೋಟಕಗಳ ಪಟ್ಟಿಯಲ್ಲಿ ಇರಿಸಿತ್ತು. ಹವ್ಯಾಸಿಗಳ ಎರಡು ಸಂಘಗಳು 2000ದಲ್ಲಿ ನ್ಯಾಯಾಲಯಕ್ಕೆ ಹೋದವು. ಎಷ್ಟು ವೇಗದಲ್ಲಿ ಉರಿದರೆ ಅದನ್ನು ಸ್ಫೋಟಕವೆನ್ನಬೇಕು ಎಂಬುದಕ್ಕೆ ಇಲಾಖೆ ತರ್ಕಬದ್ಧ ವಿವರಣೆ ಕೊಟ್ಟಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಹೇಳಿತು. 2009ರ ಮಾರ್ಚಿನಲ್ಲಿ ಸಂಘಗಳು ಗೆದ್ದವು. ಒಂಬತ್ತು ವರ್ಷ! ಆಟದ ರಾಕೆಟ್ಟಿಗಾಗಿ ಅಷ್ಟು ಕಾಲ ಬಡಿದಾಡುವ ಸಂಘಗಳು ನಮ್ಮಲ್ಲಿ ಇಲ್ಲವಲ್ಲ ಎಂಬುದೂ ಯೋಚಿಸಬೇಕಾದ ಸಂಗತಿಯೇ.

ಅಂದು ಮಧ್ಯಾಹ್ನದ ಮೇಲೆ ಒಂದು ಅವಘಡವೂ ಆಯಿತು. ಆಳೆತ್ತರದ ರಾಕೆಟ್ಟೊಂದು ಸದ್ದು ಮಾಡುತ್ತಾ ಮೇಲೇರಿ ತಿರುಗಿತು, ಪ್ಯಾರಾಚೂಟ್ ತೆರೆಯಲಿಲ್ಲ. ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೇಳಿದೊಡನೆ ಕುಳಿತವರೆಲ್ಲ ಎದ್ದು ನಿಂತರು. ಕಂಡವರೆಲ್ಲ ತೋರುಬೆರಳಿನಿಂದ ಅದನ್ನೇ ತೋರಿಸುತ್ತಾ ನಿಂತರು, ಕಾಣದವರಿಗೆ ತಿಳಿಯಲೆಂದು. ಯಾರೂ ಓಡಲಿಲ್ಲ. ಅದು ದೂರದ ಹುಲ್ಲಿನಲ್ಲಿ ಮೂತಿಯೂರಿ ನೆಟ್ಟುಕೊಂಡಿತು. ಯಜಮಾನನು ಸಲಿಕೆ ಹಿಡಿದು ಹೊರಟಾಗ ಚಪ್ಪಾಳೆ ತಟ್ಟಿದರು.

ಗರುಡನ ಸರದಿ ಬಂದದ್ದು ಮೂರು ಗಂಟೆಗೆ. ಐದರಿಂದ ಒಂದರವರೆಗೆ ಎಣಿಸಿ ಹುಡುಗ ಗುಂಡಿ ಒತ್ತಿದ. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಸರಳಿನ ಮೇಲೆ ಹೊಗೆ ಮಾತ್ರ ಉಳಿದಿತ್ತು. ಮೇಲೆ ಬಿಳಿಯ ಗೆರೆ, ಆಮೇಲೆ ಏನೂ ಇಲ್ಲದ ಆ ನಾಲ್ಕು ಸೆಕೆಂಡು, ಆಮೇಲೆ ಕಿತ್ತಳೆ ಬಣ್ಣದ ಕೊಡೆ. "ತಾತ, ಮೂರೂ ರೆಕ್ಕೆ ಇದೆ!" ಎಂದು ಕೂಗಿಕೊಂಡು ಓಡಿದ. ಬೇಲಿಯಾಚೆ ಮೇಯುತ್ತಿದ್ದ ದನಗಳ ಬಳಿ ಅದು ಬಿದ್ದಿತ್ತು. ಅವು ಇದಕ್ಕೆಲ್ಲ ಒಗ್ಗಿಹೋಗಿದ್ದುವು.

ನಮ್ಮ ನಾಡಿಗೆ ರಾಕೆಟ್ ಹೊಸತಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್ ರಾಕೆಟ್ಟಿಗೆ ಪ್ರೇರಣೆಯಾದುದನ್ನು ಪ್ರತಿಯೊಂದು ವಿಜ್ಞಾನ ಸಮಾರಂಭದ ಭಾಷಣದಲ್ಲೂ ಕೇಳುತ್ತೇವೆ. ನಾನೂ ಅಂಥ ಭಾಷಣ ಮಾಡಿದ್ದೇನೆ, ಆ ಮೇಷ್ಟ್ರ ಜಿಲ್ಲೆಯಲ್ಲಿಯೇ. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕಾಗ ಹೆಮ್ಮೆಪಟ್ಟೆವು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಆದರೆ ನಮ್ಮ ಮಗುವಿನ ಕೈಗೆ ಸಿಗುವ ಏಕೈಕ ರಾಕೆಟ್ ದೀಪಾವಳಿಯದು. ಅದರಲ್ಲಿಯೂ ಅದೇ ಕರಿಮದ್ದು. ಆದರೆ ಅದನ್ನು ಶೀಸೆಯೊಳಗೆ ನಿಲ್ಲಿಸಿ, ಬಗ್ಗಿ, ಕೈಯಿಂದ ಬತ್ತಿಗೆ ಕಿಡಿ ಹಚ್ಚುತ್ತೇವೆ. ಶೀಸೆ ಉರುಳಿದರೆ ಎದುರು ಮನೆಯ ಮಹಡಿಗೆ. ಪ್ರತಿ ದೀಪಾವಳಿಗೂ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಗಾಯಾಳುಗಳಿಗಾಗಿ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳುತ್ತದೆ. ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನೋಡುತ್ತ ನಿಂತವರೂ ಇರುತ್ತಾರೆ. ಹೆಚ್ಚು ಅಪಾಯದ ರಾಕೆಟ್ಟನ್ನು ಅಂಗಡಿಯಲ್ಲಿ ಮಾರಲು ಪರವಾನಗಿ ಕೊಡುವ ಕಚೇರಿಯೇ ಕಡಿಮೆ ಅಪಾಯದ್ದನ್ನು ಪರಿಗಣಿಸಲು ಅವಕಾಶವಿಲ್ಲವೆಂದು ಬರೆಯುತ್ತದೆ. ಬರೆದವನು ನಾನು.

ಕಾಲ ಸ್ವಲ್ಪ ಬದಲಾಗಿದೆ. ಬಾಹ್ಯಾಕಾಶ ಕ್ಷೇತ್ರವನ್ನು 2020ರಲ್ಲಿ ಖಾಸಗಿಯವರಿಗೆ ತೆರೆದ ಮೇಲೆ, 2022ರ ನವೆಂಬರಿನಲ್ಲಿ ಹೈದರಾಬಾದಿನ ಯುವಕರ ಕಂಪೆನಿಯ ವಿಕ್ರಮ್-ಎಸ್ ಶ್ರೀಹರಿಕೋಟಾದಿಂದ ಹಾರಿತು. 2025ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಇನ್-ಸ್ಪೇಸ್ ಸಂಸ್ಥೆಯ ಆಶ್ರಯದಲ್ಲಿ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ನಡೆಯಿತು. ಸಂತೋಷದ ವಿಷಯ. ಆದರೆ ಇಡೀ ರಾಷ್ಟ್ರಕ್ಕೆ ಒಂದು ಬಯಲು ಸಾಲದು. ಅಂಥ ದೊಡ್ಡ ಸ್ಪರ್ಧೆ ಹಳ್ಳಿಯ ಪ್ರೌಢಶಾಲೆಯನ್ನು ತಲಪುವುದೂ ಇಲ್ಲ.

ನಿಯಮವನ್ನು ಮೆಟ್ಟಿಲಾಗಿ ಕಡೆಯುವುದು ನಮಗೆ ಬಾರದ ವಿದ್ಯೆಯೇನಲ್ಲ. 2021ರ ಮಾರ್ಚಿನಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು ಬಿಗಿಯಾಯಿತೆಂದು ದೂರು ಬಂದಾಗ, ಅದೇ ಆಗಸ್ಟಿನಲ್ಲಿ ಅವನ್ನು ಕೈಬಿಟ್ಟು ಹೊಸ ನಿಯಮ ತಂದರು. 25 ನಮೂನೆಗಳು ಐದಕ್ಕಿಳಿದವು. 250 ಗ್ರಾಂ ಮೀರದ ಡ್ರೋನ್ ಹಾರಿಸಲು ಚಾಲನಾ ಪರವಾನಗಿ ಬೇಡವೆಂದಾಯಿತು. ಸ್ಫೋಟಕ ನಿಯಮಾವಳಿಯಲ್ಲಿಯೂ, ಪರವಾನಗಿಯುಳ್ಳ ಕಾರ್ಖಾನೆಯಲ್ಲಿ ತಯಾರಾಗಿ ಪರೀಕ್ಷೆಗೊಳಗಾದ ಪುಟ್ಟ ಮೋಟಾರುಗಳಿಗೆ ಇಂಥದೇ ಒಂದು ಕೆಳಗಿನ ಮೆಟ್ಟಿಲನ್ನು ಕಡೆದು ಕೊಟ್ಟರೆ, ಮದ್ದಿನ ಕಸುಬು ಬಲ್ಲ ಶಿವಕಾಶಿಯಲ್ಲಿ ಅವನ್ನು ತಯಾರಿಸುವವರಿಗೆ ಬರವಿರದು. ಶಾಲೆಗಳಿಗೆ ಮಾತ್ರ ಮಾರಾಟ, ತರಬೇತಿ ಪಡೆದ ಶಿಕ್ಷಕರ ಹೆಸರಿಗೆ ಮಾತ್ರ ದಾಸ್ತಾನು, ಕಡ್ಡಾಯ ಗುಂಪು ವಿಮೆ ಎಂಬ ಷರತ್ತುಗಳೊಡನೆ ಮೊದಲು ಎರಡು ಜಿಲ್ಲೆಗಳಲ್ಲಿ ಮಾಡಿ ನೋಡಬಹುದು. ಇದಾವುದೂ ಇಲ್ಲದೆ, 1996ರಲ್ಲಿಯೇ ನಾನು ಮಾಡಬಹುದಾಗಿದ್ದುದೂ ಒಂದಿತ್ತು. ಪ್ಲಾಸ್ಟಿಕ್ ಶೀಸೆಗೆ ಮೂರನೆಯ ಒಂದು ಭಾಗ ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ಅದೂ ರಾಕೆಟ್ಟೇ. ಮದ್ದಿಲ್ಲ, ಕಿಡಿಯಿಲ್ಲ, ಪರವಾನಗಿಯ ಮಾತಿಲ್ಲ. ನ್ಯೂಟನ್ನನ ಮೂರನೆಯ ನಿಯಮ ಮಾತ್ರ ಅದೇ. ಪೆಟ್ಲುಪ್ಪು ಬೇಡ, ಇದನ್ನು ಹಾರಿಸಿ, ನಾನೂ ನೋಡಲು ಬರುತ್ತೇನೆ ಎಂದು ಟಿಪ್ಪಣಿಯಲ್ಲಿ ಎರಡು ಸಾಲು ಬರೆಯಬಹುದಿತ್ತು. ಮೇಷ್ಟ್ರು ಈಗ ಎಲ್ಲಿದ್ದಾರೋ ತಿಳಿಯದು. ನನಗಿಂತ ಹಿರಿಯರು.

ಮೊಮ್ಮಗ ಮುಂದಿನ ರಜೆಗೆ ಮೈಸೂರಿಗೆ ಬರುವಾಗ ಗರುಡನನ್ನು ತರುತ್ತೇನೆ ಎನ್ನುತ್ತಿದ್ದಾನೆ. ರಾಕೆಟ್ ತರಬಹುದು, ಮೋಟಾರನ್ನು ವಿಮಾನದಲ್ಲಿ ತರುವಂತಿಲ್ಲ ಎಂದು ಅವನ ತಾಯಿ ಹೇಳಿದ್ದಾಳೆ. ಹಾಗಾದರೆ ಮೋಟಾರನ್ನು ಮೈಸೂರಿನ ಅಂಗಡಿಯಲ್ಲೇ ಕೊಳ್ಳೋಣ ತಾತ ಎಂದು ಮೊನ್ನೆ ಫೋನಿನಲ್ಲಿ ಕೇಳಿದ. ಸದ್ಯಕ್ಕೆ ಒಂದು ಸೈಕಲ್ ಪಂಪು, ಎರಡು ಲೀಟರಿನ ಮೂರು ಶೀಸೆ, ರೆಕ್ಕೆ ಕತ್ತರಿಸಲು ದಪ್ಪ ರಟ್ಟು ತಂದಿಟ್ಟಿದ್ದೇನೆ.